ಜೊತೆಗೆ ನಿಂತವರ ಕಥೆ ಯಾರ ಕಥೆ? ಬಾಬ್ ಝೆಲ್ನರ್ ಸಿನಿಮಾದಿಂದ ವಿಠ್ಠಲ ರಾಮಜಿ ಶಿಂದೆಯವರವರೆಗೆ

ನಾನು ಸಲಗರ ಬುದ್ರುಕದಿಂದ, ಊರ ಮನೆಯಿಂದಲೇ ಮಾತಾಡ್ತಾ ಇದ್ದೀನಿ. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಸರ್, ಮೇಡಂ, ಗೆಳೆಯರು ಎಲ್ಲರೂ ಸ್ವಲ್ಪ ಹೊಂದಿಕೊಳ್ಳಬೇಕು. ನನ್ನ ವಿಷಯ ಒಂದು ಅಮೆರಿಕನ್ ಸಿನಿಮಾದಿಂದ ಶುರುವಾಗಿ ಜಮಖಂಡಿಗೆ ಹೋಗಿ, ಕೊನೆಗೆ ನಮ್ಮ ಸೊಲ್ಲಾಪುರಕ್ಕೇ ಬಂದು ನಿಲ್ಲುತ್ತದೆ.

ಸಿನಿಮಾದ ಹೆಸರು 'ಸನ್ ಆಫ್ ದಿ ಸೌತ್', 2020ರದ್ದು. ನಿರ್ದೇಶಕ ಬ್ಯಾರಿ ಅಲೆಕ್ಸಾಂಡರ್ ಬ್ರೌನ್. ಬಾಬ್ ಝೆಲ್ನರ್ ಎಂಬ ಬಿಳಿಯ ಹೋರಾಟಗಾರರ ಆತ್ಮಕಥೆಯನ್ನು ಆಧರಿಸಿದ ಚಿತ್ರ. ಝೆಲ್ನರ್ ಹುಟ್ಟಿದ್ದು 1939ರಲ್ಲಿ, ಬೆಳೆದದ್ದು ಅಲಬಾಮಾದಲ್ಲಿ. ಅಜ್ಜ ಕು ಕ್ಲಕ್ಸ್ ಕ್ಲಾನ್‌ನವರು. ತಂದೆಯೂ ಅದರಲ್ಲಿದ್ದು ಆಮೇಲೆ ಹೊರಗೆ ಬಂದ ಪಾದ್ರಿ. ಮಾಂಟ್ಗೊಮರಿಯ ಕಾಲೇಜಿನಲ್ಲಿ ಓದುವಾಗ ಸಮಾಜಶಾಸ್ತ್ರದ ತರಗತಿಯಲ್ಲಿ ವರ್ಣಭೇದದ ಮೇಲೆ ಒಂದು ಪ್ರಬಂಧ ಬರೆಯಲು ಕೊಟ್ಟರು. ಪುಸ್ತಕ ಓದಿ ಬರೆದಿದ್ದರೆ ಮುಗಿದುಹೋಗ್ತಿತ್ತು. ಅವರು ಮತ್ತು ಕೆಲವು ಸಹಪಾಠಿಗಳು ಕಪ್ಪುಜನರ ಸಭೆಗೇ ಹೋದರು. ಕಾಲೇಜು ಅವರ ಮೇಲೆ ಸಿಟ್ಟಾಯಿತು. 1961ರಲ್ಲಿ ಝೆಲ್ನರ್ ವಿದ್ಯಾರ್ಥಿಗಳ ಅಹಿಂಸಾ ಸಂಘಟನೆಯಾದ ಎಸ್‌ಎನ್‌ಸಿಸಿಯ ಮೊದಲ ಬಿಳಿಯ ಕ್ಷೇತ್ರ ಕಾರ್ಯದರ್ಶಿಯಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಮಿಸಿಸಿಪ್ಪಿಯ ಮೆಕೋಂಬ್‌ನಲ್ಲಿ ಕಪ್ಪು ಶಾಲಾಮಕ್ಕಳ ಮೆರವಣಿಗೆಯಲ್ಲಿ ನಡೆದ ಒಬ್ಬನೇ ಬಿಳಿಯ ಅವರು. ಗುಂಪು ಮೊದಲು ಬಿದ್ದದ್ದು ಅವರ ಮೇಲೇ.

ಒಂದು ಸೆಮಿನಾರ್ ಪೇಪರು ಮನುಷ್ಯನನ್ನು ಎಲ್ಲಿಗೆ ಒಯ್ದು ನಿಲ್ಲಿಸಬಹುದು ನೋಡ್ರಿ. ನನಗೆ ಚಿತ್ರ ಹಿಡಿಸಿದ್ದು ಅದಕ್ಕೇ. ಈ ಪ್ರಬಂಧದ ಮೊದಲ ಕರಡನ್ನು ಅದೇ ಉತ್ಸಾಹದಲ್ಲಿ ಬರೆದು, 'ನಮ್ಮ ಝೆಲ್ನರ್' ಅಂತ ಶಿಂದೆಯವರನ್ನು ತಂದು ಕೂರಿಸಿದ್ದೆ.

ಮಹರ್ಷಿ ವಿಠ್ಠಲ ರಾಮಜಿ ಶಿಂದೆ ಹುಟ್ಟಿದ್ದು ಜಮಖಂಡಿಯಲ್ಲಿ, 1873ರ ಏಪ್ರಿಲ್ 23ರಂದು, ಮರಾಠಾ ಕುಟುಂಬದಲ್ಲಿ. ಕನ್ನಡದ ಊರಿನಲ್ಲಿ ಬೆಳೆದು ಮರಾಠಿಯಲ್ಲಿ ಬರೆದವರು. ಕನ್ನಡ-ಮರಾಠಿ ಭಾಷೆಗಳ ಸಂಬಂಧದ ಬಗ್ಗೆಯೂ ಯೋಚಿಸಿ ಬರೆದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1901ರಿಂದ 1903ರವರೆಗೆ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧರ್ಮಗಳ ತುಲನಾತ್ಮಕ ಅಧ್ಯಯನ ಮಾಡಿದರು. ತಿರುಗಿ ಬಂದು ಪ್ರಾರ್ಥನಾ ಸಮಾಜದ ಪ್ರಚಾರಕರಾದರು. 1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುಮಾಡಿ, ಪರೇಲಿನಲ್ಲಿ ಶಾಲೆ ತೆರೆದರು. ಅದರ ಅಧ್ಯಕ್ಷರು ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರಕರ್. ಶಿಂದೆಯವರ ತಂಗಿ ಜನಕ್ಕ ಮಿಷನ್ನಿನ ಕೆಲಸಕ್ಕೆ ಹೆಗಲು ಕೊಟ್ಟರು. 1917ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನ ಅಸ್ಪೃಶ್ಯತೆಯ ವಿರುದ್ಧ ಠರಾವು ಮಾಡಿದ್ದರ ಹಿಂದೆ ಶಿಂದೆಯವರ ಓಡಾಟ ದೊಡ್ಡದು. ಮರುವರ್ಷ ಮುಂಬಯಿಯ ಅಸ್ಪೃಶ್ಯತಾ ನಿವಾರಣಾ ಪರಿಷತ್ತಿನಲ್ಲಿ ತಿಲಕರೂ ಮಾತಾಡಿದರು. ಆದರೆ ಸ್ವಂತ ಬಾಳಿನಲ್ಲಿ ಅಸ್ಪೃಶ್ಯತೆ ಆಚರಿಸುವುದಿಲ್ಲ ಎಂಬ ಪತ್ರಕ್ಕೆ ಸಹಿ ಮಾಡಲಿಲ್ಲ. ಭಾಷಣ ಸುಲಭ, ಸಹಿ ಕಷ್ಟ.

ಇಷ್ಟನ್ನು ಬರೆದು ಒಬ್ಬ ಗೆಳತಿಗೆ ಓದಲು ಕೊಟ್ಟೆ. ಆಕೆ ದಲಿತ ಓಣಿಯಿಂದ ಬಂದವಳು. ಓದಿ ಒಂದೇ ಮಾತು ಕೇಳಿದಳು: "ಇದರಾಗ ನಮ್ಮವರು ಎಲ್ಲಿದಾರ?"

ಕರಡನ್ನು ಮತ್ತೆ ನೋಡಿದೆ. ಶಾಲೆ ಇತ್ತು, ಶಾಲೆಯಲ್ಲಿ ಕೂತವರ ಹೆಸರು ಇರಲಿಲ್ಲ. ಉದ್ಧಾರಕರಿದ್ದರು, ಹೋರಾಟಗಾರರು ಇರಲಿಲ್ಲ. ಇಸವಿಗಳನ್ನು ಹಿಂದಕ್ಕೆ ಎಣಿಸುತ್ತ ಹೋದಾಗ ನನ್ನ ಕಥೆಯ ಆರಂಭವೇ ತಪ್ಪು ಅಂತ ತಿಳೀತು. ಮಿಷನ್ ಹುಟ್ಟುವ 3 ವರ್ಷ ಮೊದಲೇ, 1903ರಲ್ಲಿ, ಶಿವರಾಮ ಜಾನಬಾ ಕಾಂಬಳೆ ಪುಣೆ ಜಿಲ್ಲೆಯ ಸಾಸವಡದಲ್ಲಿ 51 ಹಳ್ಳಿಗಳ ಮಹಾರರ ಸಭೆ ಸೇರಿಸಿದ್ದರು. ಸೈನ್ಯದಲ್ಲಿ, ಪೊಲೀಸಿನಲ್ಲಿ, ಶಾಲೆಯಲ್ಲಿ ಜಾಗ ಕೇಳಿ ಸರಕಾರಕ್ಕೆ ಅರ್ಜಿ ಹೋಗಿತ್ತು. 1908ರಲ್ಲಿ ಕಾಂಬಳೆ 'ಸೋಮವಂಶೀಯ ಮಿತ್ರ' ಎಂಬ ಪತ್ರಿಕೆ ತಂದರು. ಅಂದರೆ ಶಿಂದೆಯವರು ದನಿಯಿಲ್ಲದವರಿಗೆ ದನಿ ಕೊಡಲಿಲ್ಲ. ದನಿ ಆಗಲೇ ಎದ್ದಿತ್ತು, ಶಿಂದೆಯವರು ಅದರ ಹತ್ತಿರ ಬಂದು ನಿಂತರು. ಝೆಲ್ನರ್ ಕಥೆಯೂ ಹಾಗೇ. ಅವರು ಸಭೆಗೆ ಹೋಗುವ ಹೊತ್ತಿಗೆ ಮಾಂಟ್ಗೊಮರಿಯ ಕಪ್ಪುಜನ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಹತ್ತದೆ ನಡೆದು ಗೆದ್ದಾಗಿತ್ತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ನಾನು ಕಥೆಯನ್ನು ಸಿನಿಮಾದ ಹಾಗೆ ಏಟು ತಿನ್ನುವ ದೃಶ್ಯಕ್ಕೆ ತಂದು ಮುಗಿಸಿದ್ದೆ. ಜೊತೆಗೆ ನಿಂತವರ ನಿಜವಾದ ಪರೀಕ್ಷೆ ಏಟು ಬಿದ್ದ ದಿನದ್ದಲ್ಲ, "ಸ್ವಲ್ಪ ಬಾಜೂಕ ಸರೀರಿ" ಅಂತ ಕೇಳಿಸಿಕೊಂಡ ದಿನದ್ದು ಎಂಬುದು ಈ ಪ್ರಬಂಧದ ವಾದ. ಝೆಲ್ನರ್‌ಗೆ ಆ ದಿನ ಬಂತು. 1966ರ ಕೊನೆಗೆ ಎಸ್‌ಎನ್‌ಸಿಸಿ, ಬಿಳಿಯರು ಬಿಳಿಯರ ನಡುವೆಯೇ ಕೆಲಸ ಮಾಡಲಿ, ಸಂಘಟನೆ ಕಪ್ಪುಜನರ ಕೈಯಲ್ಲಿರಲಿ ಎಂದು ತೀರ್ಮಾನಿಸಿತು. ಝೆಲ್ನರ್ ಹೊರಬಂದು, ದಕ್ಷಿಣದ ಬಿಳಿಯ ಕಾರ್ಮಿಕರನ್ನು ಸಂಘಟಿಸಲು ಹೋದರು.

ಶಿಂದೆಯವರಿಗೆ ಆ ದಿನ ಬಂದದ್ದು 1920ರಲ್ಲಿ. ಹೊಸ ಶಾಸನಸಭೆಗಳಲ್ಲಿ ಅಸ್ಪೃಶ್ಯರ ಪ್ರತಿನಿಧಿಗಳನ್ನು ಯಾರು ಆರಿಸಬೇಕು ಎಂಬ ಪ್ರಶ್ನೆ ಎದ್ದಿತ್ತು. ಚುನಾಯಿತ ಸದಸ್ಯರು ಆರಿಸಲಿ ಎಂಬುದು ಮಿಷನ್ನಿನ ಕಡೆಯ ಸಲಹೆ. ಆ ಸದಸ್ಯರಲ್ಲಿ ಬಹುಪಾಲು ಸವರ್ಣೀಯರೇ ಅಲ್ಲವೇನ್ರಿ? ಅಂಬೇಡ್ಕರ್ 1919ರಲ್ಲೇ ಸೌತ್‌ಬರೋ ಸಮಿತಿಯ ಮುಂದೆ ಮತದ ಹಕ್ಕು ಮತ್ತು ಸ್ವಂತ ಪ್ರತಿನಿಧಿಗಳನ್ನು ಕೇಳಿದ್ದರು. 1920ರ ಮೇ ಕೊನೆಯಲ್ಲಿ ನಾಗಪುರದಲ್ಲಿ ಶಾಹು ಮಹಾರಾಜರ ಅಧ್ಯಕ್ಷತೆಯ ಬಹಿಷ್ಕೃತರ ಪರಿಷತ್ತು ನಡೆಯಿತು. ಅಲ್ಲಿ ಅಂಬೇಡ್ಕರ್ ಮಿಷನ್ನಿನ ಸಲಹೆಯನ್ನು ಬಲವಾಗಿ ಎದುರಿಸಿದರು, ಸಭೆ ಅದನ್ನು ತಿರಸ್ಕರಿಸಿತು. ಹದಿನಾಲ್ಕು ವರ್ಷ ದುಡಿದ ಮನುಷ್ಯನಿಗೆ ಇದು ನೋವು ಕೊಟ್ಟಿರಲೇಬೇಕು. ಆದರೆ ಅಂಬೇಡ್ಕರರ ಪ್ರಶ್ನೆಯಲ್ಲಿ ಕೃತಘ್ನತೆ ಇರಲಿಲ್ಲ, ಲೆಕ್ಕ ಇತ್ತು: ನನ್ನ ಪರವಾಗಿ ಮಾತಾಡುವವನನ್ನು ಆರಿಸುವ ಹಕ್ಕು ನನ್ನದೋ, ನನ್ನ ಮೇಲೆ ಕರುಣೆ ಇಟ್ಟವನದೋ?

ಶಿಂದೆಯವರು ಆಮೇಲೆ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 1930ರ ಕಾನೂನುಭಂಗದಲ್ಲಿ ಯರವಡಾ ಜೈಲು ಕಂಡರು. 1933ರಲ್ಲಿ ಭಾರತದ ಅಸ್ಪೃಶ್ಯತೆಯ ಪ್ರಶ್ನೆಯ ಮೇಲೆ ದೊಡ್ಡ ಗ್ರಂಥ ತಂದರು. 1944ರ ಜನವರಿ 2ರಂದು ತೀರಿಕೊಂಡರು. ಸವರ್ಣೀಯರಿಗೆ ಅವರು ಜಾತಿ ಕೆಡಿಸಿದವರು, ಹೊಸ ದಲಿತ ಚಳವಳಿಗೆ ಹಳೆಯ ಕಾಲದವರು. ಎರಡೂ ಕಡೆ ಪರಕೀಯರಾಗಿ ಉಳಿದ ಈ ಭಾಗವೇ ಅವರ ಜೀವನಚರಿತ್ರೆಯ ಗಟ್ಟಿ ಭಾಗ.

ಕರಾವಳಿಯ ಕುದ್ಮುಲ್ ರಂಗರಾವ್ ಅವರನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬಹುದು. 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ ವಕೀಲರು. 1897ರಲ್ಲಿ, ಅಂದರೆ ಶಿಂದೆಯವರಿಗೂ 9 ವರ್ಷ ಮೊದಲು, ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಜಾತಿಯ ಬಹಿಷ್ಕಾರ ಎದುರಿಸಿದರು. ಮಗಳು ರಾಧಾಬಾಯಿಯ ಮದುವೆಯನ್ನು ಬೇರೆ ಜಾತಿಯ ಸುಬ್ಬರಾಯನ್ ಜೊತೆ ಮಾಡಿಸಿದರು. ತಮ್ಮ ಶಾಲೆಯಲ್ಲಿ ಓದಿದ ಮಗು ಮುಂದೆ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಲಿ ಎಂಬುದು ಅವರ ಆಸೆಯಾಗಿತ್ತೆಂದು ಮಂಗಳೂರಿನ ಕಡೆ ಇಂದಿಗೂ ಹೇಳುತ್ತಾರೆ. ಆ ಆಸೆಯಲ್ಲಿ ಕಾರಿನೊಳಗೆ ಕೂತದ್ದು ರಂಗರಾವ್ ಅಲ್ಲ. ಅವರು ದಾರಿಯ ಬದಿಯಲ್ಲಿದ್ದಾರೆ.

ಇನ್ನು ಸೊಲ್ಲಾಪುರ. ಅಂಬೇಡ್ಕರ್ 1924ರ ಜುಲೈಯಲ್ಲಿ ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದರು. ಅದರ ಅಧ್ಯಕ್ಷರು ಚಿಮನಲಾಲ್ ಸೆಟಲ್ವಾಡ್, ಉಪಾಧ್ಯಕ್ಷರಲ್ಲೂ ಮೇಲ್ಜಾತಿಯವರು, ಪಾರ್ಸಿಗಳು ಇದ್ದರು. ಆದರೆ ಕಾರ್ಯಕಾರಿ ಸಮಿತಿಯ ಅಧ್ಯಕ್ಷ ಸ್ಥಾನದಲ್ಲಿ ಕೂತವರು ಅಂಬೇಡ್ಕರ್. ಮಿತ್ರರನ್ನು ಹೊರಗೆ ಹಾಕಲಿಲ್ಲ, ಕುರ್ಚಿಗಳ ಜಾಗ ಬದಲಾಯಿತು. ಆ ಸಭಾ 1925ರ ಜನವರಿ 4ರಂದು ಪ್ರೌಢಶಾಲೆಯ ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆದದ್ದು ನಮ್ಮ ಸೊಲ್ಲಾಪುರದಲ್ಲಿ. ಸೊಲ್ಲಾಪುರದ ಪುರಸಭೆ ಅದಕ್ಕೆ ತಿಂಗಳಿಗೆ 40 ರೂಪಾಯಿ ನೆರವು ಕೊಟ್ಟಿತು. ಸಿದ್ಧರಾಮನ ಊರು, ಗಿರಣಿಗಳ ಊರು ಅಂತ ಸೊಲ್ಲಾಪುರವನ್ನು ಹೊಗಳುವ ನಾವು ಈ ವಸತಿಗೃಹವನ್ನೂ ನೆನೆಯಬೇಕು.

ಅಮೆರಿಕದ ಬಣ್ಣವನ್ನೂ ನಮ್ಮ ಜಾತಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಕ್ಕೆ ಮಿತಿ ಇದೆ, ಒಪ್ಪುತ್ತೇನೆ. ಆದರೆ ಈ ಹೋಲಿಕೆಯನ್ನು ನಾನು ಹುಟ್ಟಿಸಿದ್ದಲ್ಲ. ಶಿಂದೆಯವರು ಹುಟ್ಟಿದ ಅದೇ 1873ರಲ್ಲಿ ಜೋತಿಬಾ ಫುಲೆ 'ಗುಲಾಮಗಿರಿ'ಯನ್ನು ಅಮೆರಿಕದಲ್ಲಿ ನೀಗ್ರೋ ಗುಲಾಮಗಿರಿ ಅಳಿಸಿದ ಸಜ್ಜನರಿಗೆ ಅರ್ಪಿಸಿದ್ದರು. 1972ರಲ್ಲಿ ಮುಂಬಯಿಯ ಯುವಕರು ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡರು. ಫುಲೆ ನೆನೆದದ್ದು ಬಿಡಿಸಿದವರನ್ನು, ಪ್ಯಾಂಥರ್ಸ್ ನೆನೆದದ್ದು ತಾವೇ ಎದ್ದು ನಿಂತವರನ್ನು. ಈ ನೂರು ವರ್ಷದಲ್ಲಿ ಆದ ಬದಲಾವಣೆ ಇಷ್ಟರಲ್ಲೇ ಕಾಣುತ್ತದೆ.

ಕೊನೆಗೊಂದು ಮಾತು. ಇದನ್ನು ಬಿಟ್ಟರೆ ಪ್ರಬಂಧ ಅಪ್ರಾಮಾಣಿಕ ಆಗ್ತದ. ನಾನು ಹೊಲ ಇರುವ ಮನೆಯಲ್ಲಿ ಹುಟ್ಟಿದವನು. ನಾನು ಸಣ್ಣವನಿದ್ದಾಗ ಹಿತ್ತಲ ಗೋಡೆಯ ಮಾಡದಲ್ಲಿ ಕಿವಿ ಮುರಿದ ಒಂದು ಕಪ್ಪು ಬೇರೆ ಇರುತ್ತಿತ್ತು. ಹೊಲದ ಆಳು ಬಂದಾಗ ಆಯಿ ಅದರಲ್ಲಿ ಚಹಾ ಮೇಲಿನಿಂದ ಸುರುವುತ್ತಿದ್ದಳು. ಕುಡಿದವನೇ ತೊಳೆದು ತಿರುಗಿ ಇಡುತ್ತಿದ್ದ. ನಾನು ನೋಡುತ್ತಿದ್ದೆ, ಏನೂ ಕೇಳಲಿಲ್ಲ. ಝೆಲ್ನರ್ ಸಿನಿಮಾ ನೋಡುವಾಗ ನಾನು ಝೆಲ್ನರ್ ಜಾಗದಲ್ಲಿ ನನ್ನನ್ನು ಇಟ್ಟುಕೊಂಡಿದ್ದೆ. ಗೆಳತಿಯ ಪ್ರಶ್ನೆ ಕೇಳಿದ ಮೇಲೆ ನನ್ನ ಜಾಗ ಆ ಮಾಡದ ಹತ್ತಿರ ಸುಮ್ಮನೆ ನಿಂತ ಹುಡುಗನದು ಅಂತ ಗೊತ್ತಾಯ್ತು. ಕರಡಿನಲ್ಲಿ 'ನಮ್ಮ ಝೆಲ್ನರ್' ಎಂಬ ಶೀರ್ಷಿಕೆ ಹೊಡೆದುಹಾಕಿದ್ದೇನೆ. ಸಾಸವಡದ ಸಭೆಯನ್ನು ಶಿಂದೆಯವರಿಗಿಂತ ಮೊದಲು ಇಡಬೇಕಿತ್ತು. ಮುಂದಿನ ಅಧ್ಯಾಯವನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ಪ್ರಶ್ನೆಗಳಿದ್ದರೆ ಕೇಳ್ರಿ.