ಕಾಪಿ ರೌಟರ್

ಅಚ್ಚಿನ ಅಂಚನ್ನು ಪಿನ್ನೊಂದು ಸವರುತ್ತ ಹೋದಂತೆ ಅದೇ ಆಕಾರವನ್ನು ಮರ ಅಥವಾ ಅಲ್ಯೂಮಿನಿಯಂನಲ್ಲಿ ಕೊರೆಯುವ ಯಂತ್ರ. ಕಿಟಕಿ-ಬಾಗಿಲಿನ ಅಲ್ಯೂಮಿನಿಯಂ ಚೌಕಟ್ಟುಗಳಲ್ಲಿ ಬೀಗದ ಕಿಂಡಿ, ಮಳೆನೀರು ಹೊರಹೋಗುವ ತೂತು ತೆಗೆಯಲು ವರ್ಕ್‌ಶಾಪ್‌ಗಳಲ್ಲಿ ಬಳಕೆಯಲ್ಲಿದೆ. ಕ್ರಿಸ್ಟೋಫ್ ಶೈನರ್ 1603ರಲ್ಲಿ ರೂಪಿಸಿದ, ಚಿತ್ರ ನಕಲಿಸುವ ಪ್ಯಾಂಟೋಗ್ರಾಫ್ ಇದರ ಹಿರಿಯ ಬಂಧು.

ಮನೆಯಲ್ಲಿ ಕಟ್ಟುವವರು ಸಾಮಾನ್ಯವಾಗಿ ಬಡಗಿಗಳ ಟ್ರಿಮ್ಮರನ್ನೇ ಮೋಟಾರಾಗಿ ಬಳಸುತ್ತಾರೆ. ನಾಲ್ಕು ತೋಳುಗಳನ್ನು ಸಮಾಂತರ ಚತುರ್ಭುಜವಾಗಿ ಜೋಡಿಸಿ, ಕೀಲುಗಳಿಗೆ 608 ಬೇರಿಂಗ್ (ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22 ಮಿ.ಮೀ.) ಕೂರಿಸಿದರೆ ಚೌಕಟ್ಟು ಸಿದ್ಧ. ಕೆಲಸ ಕೆಡುವುದು ಬಹುಪಾಲು ಈ ಕೀಲುಗಳಲ್ಲೇ. ಕೂದಲೆಳೆಯಷ್ಟು ಸಡಿಲವಿದ್ದರೂ ಅಂಚು ಅಲೆಯಲೆಯಾಗುತ್ತದೆ. ಅಚ್ಚನ್ನು ಇಮ್ಮಡಿ ದೊಡ್ಡದಾಗಿ ಮಾಡಿ ಅರ್ಧಕ್ಕಿಳಿಸಿ ಕೊರೆಯುವುದು ಜಾಣತನ: ಅಚ್ಚಿನ ತಪ್ಪೂ ಅರ್ಧಕ್ಕಿಳಿಯುತ್ತದೆ. ಆಗ ಕೊರೆಯುವ 6 ಮಿ.ಮೀ. ಬಿಟ್‌ಗೆ 12 ಮಿ.ಮೀ. ಪಿನ್ನೇ ಬೇಕು, ಸಮ ಅಳತೆಯ ನಕಲಿಗಾದರೆ ಎರಡೂ ಒಂದೇ ದಪ್ಪ.

ಮರ ಉದಾರಿ, ಅಲ್ಯೂಮಿನಿಯಂ ಹಾಗಲ್ಲ. ಬಿಸಿಯಾದ ಚೂರು ಬಿಟ್‌ನ ಅಲಗಿಗೆ ಅಂಟಿ, ಕತ್ತರಿಸಬೇಕಾದದ್ದು ಉಜ್ಜತೊಡಗುತ್ತದೆ. ಕೀರಲು ದನಿ ಅದರ ಸೂಚನೆ. ಒಂದೇ ಅಲಗಿನ ಕಾರ್ಬೈಡ್ ಬಿಟ್, ಕಡಿಮೆ ವೇಗ, ಪ್ರತಿ ಸುತ್ತಿಗೆ ಅರ್ಧ ಮಿ.ಮೀ. ಆಳ, ಲೋಹ ಕತ್ತರಿಸುವ ಎಣ್ಣೆಯ ಒಂದೆರಡು ಹನಿ ಇದಕ್ಕೆ ಮದ್ದು. ಹೊರ ಅಂಚನ್ನು ಅಪ್ರದಕ್ಷಿಣವಾಗಿ, ಒಳ ಅಂಚನ್ನು ಪ್ರದಕ್ಷಿಣವಾಗಿ ಕೊರೆಯಬೇಕು. ತಿರುವುಮುರುವಾದರೆ ಬಿಟ್ ತುಂಡನ್ನು ಕಚ್ಚಿ ಎಳೆದೊಯ್ಯುತ್ತದೆ. ಕನ್ನಡಕ ಕಡ್ಡಾಯ, ಕೈಗವಸು ಬೇಡ.