ಹಾಡಲ್ಲಿ ಗೆದ್ದವರು ಮನ್ನಾ ಡೇ, ಸ್ಟಾಂಪಲ್ಲಿ ಮೊದಲು ಬಂದವರು ಭೀಮಸೇನ ಜೋಶಿ

ಇವತ್ತಿನ ಮಾತು ಒಂದು ಅಂಚೆಚೀಟಿ ಬಗ್ಗೆ. ಕಾಗದ ಬರೆಯೋದೇ ಬಿಟ್ಟು ಎಷ್ಟೋ ವರ್ಷ ಆಯ್ತು, ಸ್ಟಾಂಪ್ ಕಥೆ ಯಾಕೆ ಅಂತೀರಾ? ಸ್ವಲ್ಪ ಕೇಳಿ, ಕೊನೆಗೆ ಇದು ಗದಗ, ಚಿತ್ರದುರ್ಗಕ್ಕೇ ಬಂದು ನಿಲ್ಲುತ್ತೆ.

2016ರ ಡಿಸೆಂಬರ್ 30ರಂದು ಅಂಚೆ ಇಲಾಖೆ ಹತ್ತು ಗಾಯಕರ ಸ್ಟಾಂಪುಗಳನ್ನ ಒಟ್ಟಿಗೆ ಬಿಡುಗಡೆ ಮಾಡ್ತು. ರಫಿ, ಕಿಶೋರ್, ಮುಕೇಶ್, ಹೇಮಂತ್ ಕುಮಾರ್, ತಲತ್ ಮಹಮೂದ್, ಗೀತಾ ದತ್, ಶಂಶಾದ್ ಬೇಗಂ, ಅಸ್ಸಾಮಿನ ಭೂಪೇನ್ ಹಜಾರಿಕಾ, ತಮಿಳಿನ ಟಿ.ಎಂ. ಸೌಂದರರಾಜನ್. ಹತ್ತನೆಯವರು ಮನ್ನಾ ಡೇ. ಇವರಲ್ಲಿ ರಫಿ, ಕಿಶೋರ್, ಮುಕೇಶ್, ಹೇಮಂತ್ ಕುಮಾರ್ ಈ ನಾಲ್ವರಿಗೆ 2003ರಲ್ಲೇ ಒಂದು ಸಲ ಸ್ಟಾಂಪ್ ಬಂದಿತ್ತು. ಮನ್ನಾ ಡೇ ಆಗ ಇನ್ನೂ ಬದುಕಿದ್ದರು. ಬದುಕಿರುವವರ ಸ್ಟಾಂಪನ್ನ ನಮ್ಮಲ್ಲಿ ಸಾಮಾನ್ಯವಾಗಿ ಹಾಕಲ್ಲ. ಅಪವಾದಗಳಿವೆ. 1958ರಲ್ಲಿ ಪುಣೆಯ ಮಹರ್ಷಿ ಕರ್ವೆ, 1960ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು, ಇಬ್ಬರೂ ತಮ್ಮ ಸ್ಟಾಂಪನ್ನ ಕಣ್ಣಾರೆ ಕಂಡವರು. ಆದ್ರೆ ಅದಕ್ಕೆ ನೂರು ತುಂಬಬೇಕಾಯ್ತು!

ಮನ್ನಾ ಡೇ ಹುಟ್ಟಿದ್ದು ಕಲ್ಕತ್ತಾದಲ್ಲಿ, 1919ರ ಮೇ 1ರಂದು. ಚಿಕ್ಕಪ್ಪ ಕೆ.ಸಿ. ಡೇ ಜೊತೆ 1942ರಲ್ಲಿ ಬೊಂಬಾಯಿಗೆ ಬಂದರು. ಕೆಲಸಕ್ಕೆ ಅಂತ ಊರು ಬಿಟ್ಟು ಅಲ್ಲಿಗೆ ಹೋದವರೇ, ನಮ್ಮ ನಿಮ್ಮ ಹಾಗೆ. ಮದುವೆ ಆಗಿದ್ದು ಕೇರಳದ ಸುಲೋಚನಾ ಅವರನ್ನ. ಐವತ್ತು ವರ್ಷಕ್ಕೂ ಮೇಲ್ಪಟ್ಟು ಮುಂಬೈಯಲ್ಲಿದ್ದು, ಕೊನೆಗಾಲಕ್ಕೆ ಬಂದು ನೆಲೆಸಿದ್ದು ಬೆಂಗಳೂರಲ್ಲಿ. 2013ರ ಅಕ್ಟೋಬರ್ 24ರಂದು ಅಲ್ಲೇ ತೀರಿಕೊಂಡರು, 94 ವರ್ಷ. ನಾವು ಬೆಂಗಳೂರು ಬಿಟ್ಟು ಮುಂಬೈಗೆ ಬಂದ್ವಿ, ಅವರದ್ದು ಉಲ್ಟಾ ದಾರಿ.

ಈಗ ಮುಖ್ಯ ವಿಷಯ. 1956ರಲ್ಲಿ 'ಬಸಂತ್ ಬಹಾರ್' ಅಂತ ಒಂದು ಸಿನಿಮಾ ಬಂತು, ಶಂಕರ್–ಜೈಕಿಶನ್ ಸಂಗೀತ. ಅದರ ಮೂಲ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿ, ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಹಿಂದಿಗೆ ಹೋಗುವಾಗ ದುರ್ಗದ ಕರ್ನಾಟಕ ಸಂಗೀತ ಹಿಂದೂಸ್ತಾನಿ ಆಯ್ತು, ಆಸ್ಥಾನವೂ ಉತ್ತರದ್ದಾಯ್ತು. ಜಿ.ವಿ. ಅಯ್ಯರ್ ಅವರು ಇದನ್ನ ಕನ್ನಡದಲ್ಲಿ ಸಿನಿಮಾ ಮಾಡಿದ್ದು 1975ರಲ್ಲಿ. ಅಂದ್ರೆ ನಮ್ಮ ಕಾದಂಬರಿ ಹಿಂದಿ ತೆರೆ ಮೇಲೆ ಬಂದು ಸುಮಾರು ಇಪ್ಪತ್ತು ವರ್ಷ ಆದಮೇಲೆ ಕನ್ನಡ ತೆರೆಗೆ ಬಂತು. ಯೋಚನೆ ಮಾಡಿ.

ಆ ಹಿಂದಿ ಸಿನಿಮಾದಲ್ಲಿ ಇಬ್ಬರು ಗಾಯಕರ ನಡುವೆ ಒಂದು ಪಂದ್ಯ ಇದೆ. ಹೀರೋ ಭಾರತ್ ಭೂಷಣ್‌ಗೆ ಮನ್ನಾ ಡೇ ದನಿ. ಎದುರಾಳಿಯ ದನಿ ಗದಗದ ಭೀಮಸೇನ ಜೋಶಿ! ಅವರಿಗಾಗ 34 ವರ್ಷ. ಕುಂದಗೋಳದ ಗುರು ಸವಾಯಿ ಗಂಧರ್ವರ ಹೆಸರಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರುವಾಗಿ ಮೂರು ವರ್ಷ ಆಗಿತ್ತು ಅಷ್ಟೆ. ಕಥೆಯ ಪ್ರಕಾರ ಹೀರೋನೇ ಗೆಲ್ಲಬೇಕು, ಅಂದ್ರೆ ಮನ್ನಾ ಡೇ ಭೀಮಸೇನರನ್ನ ಸೋಲಿಸಬೇಕು. ಇದು ಗೊತ್ತಾದಾಗ ಕೈಕಾಲು ಬಿದ್ದುಹೋಯ್ತು, ಊರು ಬಿಟ್ಟು ಓಡಿಹೋಗೋಣ ಅನ್ನಿಸ್ತು ಅಂತ ಮನ್ನಾ ಡೇ ಅವರೇ ಹೇಳಿಕೊಂಡಿದ್ದಾರೆ. ಧೈರ್ಯ ತುಂಬಿದ್ದು ಹೆಂಡತಿ ಸುಲೋಚನಾ. ಆಮೇಲೆ ತಾಲೀಮು ಮಾಡಿ ಹಾಡಿದರು. ಇವತ್ತು ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಹೆದರಿದ ಮನುಷ್ಯನ ಹಾಡು ಅಂತ ಅನ್ನಿಸಲ್ಲ. ಗೆದ್ದಿದ್ದು ಸ್ಕ್ರಿಪ್ಟಿನ ದಯೆ ಅನ್ನೋದು ಬೇರೆ ಮಾತು, ಆದ್ರೆ ಪಕ್ಕದಲ್ಲಿ ನಿಂತು ಹಾಡೋದೇ ಸಣ್ಣ ಕೆಲಸ ಅಲ್ಲ.

ಸ್ಟಾಂಪಿನ ಲೆಕ್ಕದಲ್ಲಿ ಮಾತ್ರ ಭೀಮಸೇನರೇ ಮುಂದೆ. 2014ರ ಸೆಪ್ಟೆಂಬರ್ 3ರಂದು ಎಂಟು ಶಾಸ್ತ್ರೀಯ ಸಂಗೀತಗಾರರ ಸ್ಟಾಂಪ್ ಬಂತು. ಅದರಲ್ಲಿ ನಮ್ಮ ನೆಲದವರೇ ನಾಲ್ವರು: ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಕುಮಾರ ಗಂಧರ್ವ. ಎಂಟರಲ್ಲಿ ನಾಲ್ಕು! ಆಫೀಸಲ್ಲಿ ಯಾರಾದ್ರೂ ನಿಮ್ಮೂರಲ್ಲಿ ಇಡ್ಲಿ ಬಿಟ್ರೆ ಏನಿದೆ ಅಂದ್ರೆ ಇದನ್ನ ಹೇಳಿ.

ಆದ್ರೆ ಒಂದು ವಿಷಯ ನನಗೆ ಇನ್ನೂ ಚುಚ್ಚುತ್ತೆ. 2016ರ ಆ ಹತ್ತರಲ್ಲಿ ದಕ್ಷಿಣದ ಸಿನಿಮಾ ಗಾಯಕರು ಅಂತ ಇದ್ದಿದ್ದು ಸೌಂದರರಾಜನ್ ಒಬ್ಬರೇ. ಅವರ ಬಗ್ಗೆ ತಕರಾರಿಲ್ಲ, ದೊಡ್ಡವರು. ಆದ್ರೆ ಪಿ.ಬಿ. ಶ್ರೀನಿವಾಸ್? ವರ್ಷಾನುಗಟ್ಟಲೆ ರಾಜ್‌ಕುಮಾರ್ ತೆರೆ ಮೇಲೆ ಬಾಯಿ ತೆರೆದರೆ ಬರ್ತಿದ್ದ ದನಿ ಅದು. ಹಿಂದಿಯಲ್ಲೂ ಲತಾ ಜೊತೆ ಹಾಡಿದವರು. ಅವರೂ ತೀರಿಕೊಂಡಿದ್ದು ಮನ್ನಾ ಡೇ ಹೋದ 2013ರಲ್ಲೇ, ಏಪ್ರಿಲ್‌ನಲ್ಲಿ, ಚೆನ್ನೈಯಲ್ಲಿ. ಮೂರು ವರ್ಷ ಆದಮೇಲೆ ಪಟ್ಟಿ ಮಾಡಲು ಕೂತವರಿಗೆ ಆ ಹೆಸರು ಹೊಳೀಲಿಲ್ಲ.

ಚೆನ್ನೈಯಲ್ಲಿ ಇರೋರು ಈ ವಾರ ಅವರ ಒಂದು ಹಾಡು ಹಾಕಿ ಕೇಳಿ. ಪುಣೆಯವರಿಗೆ 'ಬಸಂತ್ ಬಹಾರ್'. ಪಂದ್ಯದಲ್ಲಿ ನಿಮ್ಮ ವೋಟು ಯಾರಿಗೆ ಅಂತ ತಿಳಿಸಿ, ನನ್ನದು ಗದಗಕ್ಕೆ.