ಸಿ. ಬಿ. ಮುತ್ತಮ್ಮ

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ (೨೪ ಜನವರಿ ೧೯೨೪ – ೧೪ ಅಕ್ಟೋಬರ್ ೨೦೦೯) ಕೊಡಗು ಮೂಲದ ಭಾರತೀಯ ರಾಜತಾಂತ್ರಿಕರು. ಸ್ವತಂತ್ರ ಭಾರತದ ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಮಹಿಳೆ ಹಾಗೂ ಭಾರತೀಯ ವಿದೇಶಾಂಗ ಸೇವೆಗೆ (ಐ.ಎಫ್.ಎಸ್.) ಸೇರಿದ ಮೊದಲ ಮಹಿಳೆ ಇವರು. ಆ ಸೇವೆಯ ಅಧಿಕಾರಿಯಾಗಿ ರಾಯಭಾರಿ ಹುದ್ದೆಗೇರಿದ ಮಹಿಳೆಯರಲ್ಲಿಯೂ ಇವರೇ ಮೊದಲಿಗರು. ಮಹಿಳಾ ಅಧಿಕಾರಿಗಳಿಗೆ ಅನ್ವಯಿಸುತ್ತಿದ್ದ ತಾರತಮ್ಯದ ನಿಯಮಗಳನ್ನು ಪ್ರಶ್ನಿಸಿ ಇವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೯ರಲ್ಲಿ ನೀಡಿದ ತೀರ್ಪು, ಸರ್ಕಾರಿ ಉದ್ಯೋಗದಲ್ಲಿ ಲಿಂಗ ಸಮಾನತೆಯ ಕುರಿತಾದ ಪ್ರಮುಖ ತೀರ್ಪುಗಳಲ್ಲಿ ಒಂದಾಗಿದೆ.

ಜನನ ಮತ್ತು ಶಿಕ್ಷಣ

ಮುತ್ತಮ್ಮನವರು ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದರು. ‘ಚೋನಿರ’ ಎಂಬುದು ಅವರ ಮನೆತನದ ಹೆಸರು. ಅರಣ್ಯಾಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ಅವರಿಗೆ ಒಂಬತ್ತು ವರ್ಷ. ಅನಂತರ ನಾಲ್ವರು ಮಕ್ಕಳ ಪಾಲನೆ ಮತ್ತು ವಿದ್ಯಾಭ್ಯಾಸದ ಹೊಣೆಯನ್ನು ತಾಯಿಯೇ ನಿರ್ವಹಿಸಿದರು. ಮಡಿಕೇರಿಯ ಸಂತ ಜೋಸೆಫರ ಬಾಲಕಿಯರ ಶಾಲೆಯಲ್ಲಿ ಓದಿದ ಮುತ್ತಮ್ಮನವರು ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿಯನ್ನೂ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ವಿದೇಶಾಂಗ ಸೇವೆಗೆ ಪ್ರವೇಶ

೧೯೪೮ರಲ್ಲಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಅವರು ವಿದೇಶಾಂಗ ಸೇವೆಯನ್ನು ಆಯ್ದುಕೊಂಡರು. ಆ ಸೇವೆಯು ಮಹಿಳೆಯರಿಗೆ ಸೂಕ್ತವಲ್ಲವೆಂದು ಹೇಳಿ ಸಂದರ್ಶನ ಮಂಡಳಿಯು ಅವರ ಮನಸ್ಸನ್ನು ಬದಲಿಸಲು ಯತ್ನಿಸಿತು. ಅವರು ತಮ್ಮ ಆಯ್ಕೆಯನ್ನು ಬಿಟ್ಟುಕೊಡದೆ ೧೯೪೯ರಲ್ಲಿ ಸೇವೆಗೆ ಸೇರಿದರು. ಆದರೆ ವಿವಾಹವಾದಲ್ಲಿ ರಾಜೀನಾಮೆ ನೀಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಪುರುಷ ಅಧಿಕಾರಿಗಳಿಗೆ ಇಂತಹ ಷರತ್ತು ಇರಲಿಲ್ಲ. ಮುತ್ತಮ್ಮನವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ವೃತ್ತಿಜೀವನ

ಅವರ ಮೊದಲ ನಿಯೋಜನೆ ಪ್ಯಾರಿಸ್‌ನ ಭಾರತೀಯ ರಾಯಭಾರ ಕಚೇರಿಗೆ ಆಯಿತು. ಮುಂದೆ ರಂಗೂನ್ ಮತ್ತು ಲಂಡನ್‌ಗಳಲ್ಲಿಯೂ, ದೆಹಲಿಯ ವಿದೇಶಾಂಗ ಸಚಿವಾಲಯದಲ್ಲಿಯೂ ಸೇವೆ ಸಲ್ಲಿಸಿದರು. ೧೯೭೦ರಲ್ಲಿ ಹಂಗೇರಿಗೆ ಭಾರತದ ರಾಯಭಾರಿಯಾಗಿ ನೇಮಕಗೊಂಡರು. ವಿಜಯಲಕ್ಷ್ಮಿ ಪಂಡಿತ್ ಅವರು ೧೯೪೭ರಲ್ಲಿಯೇ ಸೋವಿಯತ್ ಒಕ್ಕೂಟಕ್ಕೆ ರಾಯಭಾರಿಯಾಗಿದ್ದರೂ ಅದು ರಾಜಕೀಯ ನೇಮಕಾತಿಯಾಗಿತ್ತು. ಪರೀಕ್ಷೆಯ ಮೂಲಕ ಸೇವೆಗೆ ಸೇರಿ, ಹಂತಹಂತವಾಗಿ ಮೇಲೇರಿ ಆ ಹುದ್ದೆಯನ್ನು ತಲುಪಿದವರಲ್ಲಿ ಮುತ್ತಮ್ಮನವರು ಮೊದಲ ಮಹಿಳೆ. ಅನಂತರ ಘಾನಾ ಮತ್ತು ನೆದರ್ಲೆಂಡ್ಸ್‌ಗಳಲ್ಲಿಯೂ ಅವರು ಭಾರತವನ್ನು ಪ್ರತಿನಿಧಿಸಿದರು. ೧೯೮೨ರಲ್ಲಿ ನಿವೃತ್ತರಾದರು.

ಮುತ್ತಮ್ಮ ಮತ್ತು ಭಾರತ ಒಕ್ಕೂಟ ಮೊಕದ್ದಮೆ

ಒಂದನೆಯ ಶ್ರೇಣಿಯ ಬಡ್ತಿಗೆ ಅರ್ಹರಲ್ಲವೆಂದು ತಮ್ಮನ್ನು ಕೈಬಿಟ್ಟಾಗ, ಇದಕ್ಕೆ ಮಹಿಳೆಯರ ಬಗೆಗಿನ ಪೂರ್ವಗ್ರಹವೇ ಕಾರಣವೆಂದು ಆರೋಪಿಸಿ ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರು ಮುಖ್ಯವಾಗಿ ೧೯೬೧ರ ಎರಡು ನಿಯಮಗಳನ್ನು ಪ್ರಶ್ನಿಸಿದರು:

• ನಡತೆ ಮತ್ತು ಶಿಸ್ತು ನಿಯಮಾವಳಿಯ ೮(೨)ನೆಯ ನಿಯಮ: ಮಹಿಳಾ ಅಧಿಕಾರಿಯು ವಿವಾಹಕ್ಕೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಕೌಟುಂಬಿಕ ಹೊಣೆಗಳು ಕರ್ತವ್ಯಕ್ಕೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ಮನವರಿಕೆಯಾದರೆ ವಿವಾಹಾನಂತರ ಯಾವಾಗ ಬೇಕಾದರೂ ಆಕೆಯ ರಾಜೀನಾಮೆ ಕೇಳಬಹುದು.
• ನೇಮಕಾತಿ ನಿಯಮಾವಳಿಯ ೧೮(೪)ನೆಯ ನಿಯಮ: ವಿವಾಹಿತ ಮಹಿಳೆಗೆ ಸೇವೆಗೆ ನೇಮಕಗೊಳ್ಳುವ ಹಕ್ಕು ಇರುವುದಿಲ್ಲ.

ಮೊಕದ್ದಮೆ ಇತ್ಯರ್ಥವಾಗುವ ಮೊದಲೇ ಸರ್ಕಾರವು ಅವರಿಗೆ ಬಡ್ತಿ ನೀಡಿ ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಿಸಿತು. ೧೮(೪)ನೆಯ ನಿಯಮವನ್ನು ೧೯೭೩ರಲ್ಲಿಯೇ ತೆಗೆದುಹಾಕಲಾಗಿದೆ, ೮(೨)ನೆಯ ನಿಯಮವನ್ನೂ ರದ್ದುಗೊಳಿಸಲಾಗುತ್ತಿದೆ ಎಂದು ಅದು ನ್ಯಾಯಾಲಯಕ್ಕೆ ತಿಳಿಸಿತು.

ನ್ಯಾಯಮೂರ್ತಿಗಳಾದ ವಿ. ಆರ್. ಕೃಷ್ಣ ಅಯ್ಯರ್ ಮತ್ತು ಪಿ. ಎನ್. ಸಿಂಘಾಲ್ ಅವರ ಪೀಠವು ೧೯೭೯ರ ಸೆಪ್ಟೆಂಬರ್ ೧೭ರಂದು ತೀರ್ಪು ನೀಡಿತು. ಕುಟುಂಬದ ಹೊಣೆಗಳು ಮಹಿಳೆಯ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಪುರುಷನ ವಿಷಯದಲ್ಲಿಯೂ ಅದೇ ಮಾತು ಅನ್ವಯಿಸಬಹುದೆಂದು ಪೀಠವು ಅಭಿಪ್ರಾಯಪಟ್ಟು, ಇಂತಹ ನಿಯಮಗಳು ಸಂವಿಧಾನದ ೧೪ ಮತ್ತು ೧೬ನೆಯ ವಿಧಿಗಳಿಗೆ ವಿರುದ್ಧವೆಂದು ಕಟುವಾಗಿ ಟೀಕಿಸಿತು. ಎಲ್ಲ ಸಂದರ್ಭಗಳಲ್ಲಿಯೂ ಸ್ತ್ರೀ-ಪುರುಷರ ನಡುವೆ ವ್ಯತ್ಯಾಸವೇ ಸಲ್ಲದೆಂದು ಅದು ಹೇಳಲಿಲ್ಲ. ಆದರೆ ವ್ಯತ್ಯಾಸದ ಅಗತ್ಯವನ್ನು ತೋರಿಸಿಕೊಡಲಾಗದ ಕಡೆ ಸಮಾನತೆಯೇ ನಿಯಮವಾಗಿರಬೇಕೆಂದು ಸ್ಪಷ್ಟಪಡಿಸಿತು. ಬಡ್ತಿ ದೊರೆತಿದ್ದ ಕಾರಣ ಅರ್ಜಿಯನ್ನು ವಜಾಗೊಳಿಸಿದರೂ, ಸಮಸ್ಯೆಯು ವಜಾ ಆಗಿಲ್ಲವೆಂಬ ನಿಲುವನ್ನು ತಳೆಯಿತು. ಬಡ್ತಿ ತಡವಾದ ಅವಧಿಯಲ್ಲಿ ಕಿರಿಯರು ಮುಂದೆ ಹೋದುದರಿಂದ ಬಾಧಿತವಾಗಿದ್ದ ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆಯೂ ಸರ್ಕಾರಕ್ಕೆ ನಿರ್ದೇಶಿಸಿತು. ಹೀಗೆ ಅರ್ಜಿ ವಜಾಗೊಂಡರೂ ಅದರ ಉದ್ದೇಶ ಬಹುಮಟ್ಟಿಗೆ ಈಡೇರಿತು.

ಇತರ ಕಾರ್ಯಗಳು ಮತ್ತು ಕೃತಿಗಳು

ಸ್ವೀಡನ್ನಿನ ನಾಯಕ ಉಲೊಫ್ ಪಾಲ್ಮೆ ಅವರ ಅಧ್ಯಕ್ಷತೆಯ, ನಿಶ್ಶಸ್ತ್ರೀಕರಣ ಮತ್ತು ಭದ್ರತಾ ವಿಷಯಗಳ ಸ್ವತಂತ್ರ ಆಯೋಗದಲ್ಲಿ ಮುತ್ತಮ್ಮನವರು ಭಾರತದ ಸದಸ್ಯೆಯಾಗಿದ್ದರು. ಈ ಆಯೋಗವು ೧೯೮೨ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಆಡಳಿತ ವ್ಯವಸ್ಥೆಯನ್ನು ವಿಮರ್ಶಿಸುವ ‘ಸ್ಲೇನ್ ಬೈ ದ ಸಿಸ್ಟಮ್’ ಎಂಬ ಇಂಗ್ಲಿಷ್ ಕೃತಿಯನ್ನು ರಚಿಸಿದ ಅವರು, ಕೊಡವರ ಅಡುಗೆಯ ಕುರಿತ ಇಂಗ್ಲಿಷ್ ಪುಸ್ತಕವೊಂದರ ಸಹಲೇಖಕಿಯೂ ಹೌದು.

ನಿಧನ

ಮುತ್ತಮ್ಮನವರು ೨೦೦೯ರ ಅಕ್ಟೋಬರ್ ೧೪ರಂದು ತಮ್ಮ ೮೫ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.